ಕಲ್ಲಿದ್ದಲಿನ ದರ್ಜೆ: ಒಂದು ಆಕರದ ವಿಮರ್ಶೆ

ಶಾಸನವನ್ನು ಪರೀಕ್ಷಿಸುವಷ್ಟು ಎಚ್ಚರಿಕೆಯಿಂದ ನಮ್ಮ ಇತಿಹಾಸಜ್ಞರು ಅಂಕಿ ಅಂಶಗಳನ್ನು ಪರೀಕ್ಷಿಸುವುದಿಲ್ಲ. ಭಾರತದ ಕಲ್ಲಿದ್ದಲ ಉದ್ಯಮವನ್ನು ಕುರಿತ ಬರಹಗಳಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಎಷ್ಟು ಟನ್ನು ಅಗೆದರೆಂಬುದು ಅಲ್ಲಿ ದೊರೆಯುತ್ತದೆ. ಆ ಟನ್ನಿನಲ್ಲಿ ಶಾಖವೆಷ್ಟು, ಬೂದಿಯೆಷ್ಟು ಎಂಬುದು ದೊರೆಯುವುದು ಅಪೂರ್ವ. ದರ್ಜೆಯ ಪ್ರಸ್ತಾಪ ಬಂದರೂ ಅದನ್ನು ಕಲ್ಲಿದ್ದಲಿನ ಸಹಜಗುಣವೆಂಬಂತೆ ಅಂಗೀಕರಿಸಿಬಿಡುತ್ತಾರೆ. ದರ್ಜೆಯಾದರೋ ಪ್ರಯೋಗಶಾಲೆಯೂ ಸರ್ಕಾರವೂ ಕೂಡಿ ಕೊಟ್ಟ ತೀರ್ಪು. ರಫ್ತಿನ ಕಲ್ಲಿದ್ದಲಿಗಾಗಿ 1925ರ ಕಾಯಿದೆ ದರ್ಜೆ ಮಂಡಲಿಯೊಂದನ್ನು ಏರ್ಪಡಿಸಿದಂದಿನಿಂದಲೂ ಇದು ಹೀಗೆಯೇ.

2011ರ ಕೊನೆಯವರೆಗೆ ಬಳಕೆಯಲ್ಲಿದ್ದ 'ಉಪಯುಕ್ತ ಶಾಖಮೌಲ್ಯ'ವನ್ನೇ ತೆಗೆದುಕೊಳ್ಳೋಣ. ಹೆಸರಿನಲ್ಲಿ ಶಾಖವಿದ್ದರೂ ಇದರಲ್ಲಿ ಶಾಖವನ್ನು ಅಳೆಯುತ್ತಿರಲಿಲ್ಲ. ಕಲ್ಲಿದ್ದಲ ಪುಡಿಯನ್ನು ಸುಮಾರು 108 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಣಗಿಸಿ ತೇವವನ್ನೂ, 815 ಡಿಗ್ರಿಯಲ್ಲಿ ಸುಟ್ಟು ಬೂದಿಯನ್ನೂ ತೂಗುತ್ತಿದ್ದರು. ಇವೆರಡರ ಶೇಕಡಾವಾರು ಮೊತ್ತವನ್ನು 138ರಿಂದ ಗುಣಿಸಿ 8900ರಲ್ಲಿ ಕಳೆದರೆ ಕಿಲೋಗ್ರಾಮಿಗೆ ಇಷ್ಟು ಕಿಲೋಕ್ಯಾಲೊರಿ ಎಂಬ ಲೆಕ್ಕ ಸಿದ್ಧ. ತಕ್ಕಡಿ, ಕುಲುಮೆಗಳಿದ್ದರೆ ಸಾಕಾಗುತ್ತಿದ್ದುದರಿಂದ ಗಣಿಯ ಸಣ್ಣ ಪ್ರಯೋಗಶಾಲೆಗಳಿಗೆ ಇದು ಅನುಕೂಲವಾಗಿತ್ತೆಂಬುದು ನಿಜ. ಆದರೆ ಭೂಮಿ ಬೆರೆಸಿದ ಬೂದಿಗೂ, ಒಣಗಿಸಿದರೆ ಹೋಗುವ ತೇವಕ್ಕೂ ಒಂದೇ ದಂಡ ವಿಧಿಸಿದುದಕ್ಕೆ ಅನುಕೂಲವಲ್ಲದೆ ಬೇರೆ ಸಮರ್ಥನೆ ನನಗೆ ತೋರದು. ಶೇಕಡ 34 ಬೂದಿ, 6 ತೇವವಿದ್ದ ಕಲ್ಲಿದ್ದಲಿಗೆ 3380 ಬರುತ್ತದೆ. 3360ರ ಮೇಲಿರುವುದರಿಂದ ಅದು 'ಇ' ದರ್ಜೆ. ಬೂದಿ 35 ಆದರೆ 3242, ದರ್ಜೆ 'ಎಫ್'. ಶೇಕಡ ಒಂದರಷ್ಟು ಬೂದಿಯ ಮೇಲೆ ಬೆಲೆಯೇ ಬದಲಾಗುತ್ತಿತ್ತು.

2012ರ ಜನವರಿ 1ರಿಂದ 'ಒಟ್ಟು ಶಾಖಮೌಲ್ಯ' ಜಾರಿಗೆ ಬಂದಿತು. ಬಾಂಬ್ ಕ್ಯಾಲೊರಿಮೀಟರಿನ ಉಕ್ಕಿನ ಪಾತ್ರೆಯಲ್ಲಿ, ಒತ್ತಿ ತುಂಬಿದ ಆಮ್ಲಜನಕದ ನಡುವೆ ಸುಮಾರು ಒಂದು ಗ್ರಾಂ ಪುಡಿಯನ್ನು ಉರಿಸಿ, ಸುತ್ತಲ ನೀರಿನ ಬಿಸಿಯೇರಿಕೆಯಿಂದ ಶಾಖವನ್ನು ನಿಜವಾಗಿಯೇ ಅಳೆಯುತ್ತಾರೆ. 300 ಕಿಲೋಕ್ಯಾಲೊರಿಗೊಂದರಂತೆ ಹದಿನೇಳು ದರ್ಜೆಗಳು. ಇದು ಸುಧಾರಣೆಯೆಂಬುದರಲ್ಲಿ ಸಂದೇಹವಿಲ್ಲ. ವಿವಾದ ಮಾತ್ರ ನಿಲ್ಲಲಿಲ್ಲ, ಏಕೆಂದರೆ ಆ ಒಂದು ಗ್ರಾಂ ಇಡೀ ರೈಲಿನ ಸಾವಿರಾರು ಟನ್ನುಗಳ ಪ್ರತಿನಿಧಿ! ಯಾವ ವ್ಯಾಗನ್ನಿನ ಯಾವ ಭಾಗದಿಂದ ಮಾದರಿ ತೆಗೆದರೆಂಬುದು ಉಪಕರಣದ ನಿಖರತೆಗಿಂತ ಮುಖ್ಯವಾದ ಪ್ರಶ್ನೆ. ಅದಲ್ಲದೆ ಘೋಷಿತ ದರ್ಜೆಯು 40 ಡಿಗ್ರಿ ಉಷ್ಣತೆ, ಶೇಕಡ 60 ಆರ್ದ್ರತೆಯಲ್ಲಿ ಸಮತೋಲಕ್ಕೆ ತಂದ ಪುಡಿಯದು. ವಿದ್ಯುದಾಗಾರ ಉರಿಸುವುದೋ ಮಳೆಯಲ್ಲಿ ನೆನೆದು ಬಂದ ಕಲ್ಲಿದ್ದಲನ್ನು.

ಕಲ್ಲಿದ್ದಲ ಗಣಿಗಳಿಲ್ಲದ ನಮ್ಮ ರಾಜ್ಯದಲ್ಲಿ ಇದು ದೂರದ ಮಾತಲ್ಲ. 1985ರಿಂದ ವಿದ್ಯುತ್ ಉತ್ಪಾದಿಸುತ್ತಿರುವ ರಾಯಚೂರು ಸ್ಥಾವರದ ಚರಿತ್ರೆಯನ್ನು ಯಾರಾದರೂ ಬರೆಯಹೊರಟರೆ, 2012ರ ಹಿಂದಿನ ಮುಂದಿನ ಶಾಖಮೌಲ್ಯಗಳನ್ನು ಒಂದೇ ಕೋಷ್ಟಕದಲ್ಲಿ ಜೋಡಿಸತಕ್ಕದ್ದಲ್ಲ. ಪ್ರತಿಯೊಂದು ಅಂಕಿಯ ಪಕ್ಕದಲ್ಲಿ ಅದು ಯಾವ ಮಾನದಂಡದ್ದು, ಮಾದರಿ ತೆಗೆದದ್ದು ಗಣಿಯ ಬಾಯಲ್ಲೋ ಸ್ಥಾವರದ ಅಂಗಳದಲ್ಲೋ ಎಂಬುದನ್ನು ನಮೂದಿಸಬೇಕು.