ಕಿಟೆಲ್ ಕಲಿತ ಮನೆ

ಕಿಟೆಲ್ ಕೋಶವನ್ನು ನಾವು ಕೊಂಡಾಡುತ್ತೇವೆ. ಹರ್ಮನ್ ಮೊಗ್ಲಿಂಗ್ 1843ರಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ದ ನೆನಪಿಗೆ ಪ್ರತಿವರ್ಷ ಜುಲೈ 1ರಂದು ಪತ್ರಿಕಾ ದಿನ ಆಚರಿಸುತ್ತೇವೆ. ಈ ಇಬ್ಬರನ್ನೂ ಇಲ್ಲಿಗೆ ಕಳಿಸಿದ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ನಿನ ಮಾತು ಬಂದಾಗ ಮಾತ್ರ ನಮ್ಮ ಬರಹಗಳು ಒಂದೋ ಕೃತಜ್ಞತೆಯಲ್ಲಿ ಕರಗಿಹೋಗುತ್ತವೆ, ಇಲ್ಲವೇ ಮತಾಂತರದ ಆಪಾದನೆಯಲ್ಲಿ ಮುಗಿದುಬಿಡುತ್ತವೆ. ಅದು ಮೊದಲಿಗೆ ಒಂದು ಶಾಲೆಯಾಗಿತ್ತು. ಶಾಲೆಯಾಗಿಯೇ ಅದನ್ನು ಅಳೆದವರು ನಮ್ಮಲ್ಲಿ ಕಡಿಮೆ.

ಅದು ಹುಟ್ಟಿದ್ದು 1815ರಲ್ಲಿ, ನೆಪೋಲಿಯನ್ ಯುದ್ಧಗಳು ಮುಗಿಯುತ್ತಿದ್ದ ಕಾಲದಲ್ಲಿ. ಹತ್ತಿರದ ಹ್ಯೂನಿಂಗನ್ ಕೋಟೆಯ ಫಿರಂಗಿಗಳು ಬಾಸೆಲ್ ಪಟ್ಟಣದ ಮೇಲೆ ಗುಂಡು ಹಾರಿಸಿದ್ದವು. ಊರು ಉಳಿದದ್ದು ದೇವರ ದಯೆಯೆಂದು ನಂಬಿದ ಅಲ್ಲಿನ ಭಕ್ತಿಪಂಥದ ಕ್ರೈಸ್ತರು ಆ ವರ್ಷದ ಸೆಪ್ಟೆಂಬರಿನಲ್ಲಿ ಸಂಘ ಕಟ್ಟಿದರು. ಕಾರ್ಯದರ್ಶಿ ಸ್ಪಿಟ್ಲರ್ ಓಡಾಟಕ್ಕೆ ನಿಂತರು. ಮರುವರ್ಷ ಬ್ಲೂಮ್‌ಹಾರ್ಟ್ ಅವರ ಮೇಲ್ವಿಚಾರಣೆಯಲ್ಲಿ ಏಳು ವಿದ್ಯಾರ್ಥಿಗಳೊಂದಿಗೆ ಪಾಠ ಶುರುವಾಯಿತು. ಆಗ ಅವರಿಗೆ ತಮ್ಮದೆನ್ನುವ ಒಂದು ಮಿಷನ್ ಕ್ಷೇತ್ರವೂ ಇರಲಿಲ್ಲ. ಕಲಿತು ಹೊರಬಂದವರನ್ನು ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಯಂಥ ಸಂಸ್ಥೆಗಳು ಕರೆಸಿಕೊಳ್ಳುತ್ತಿದ್ದವು. ಕ್ಷೇತ್ರಕ್ಕಿಂತ ಮೊದಲು ಶಾಲೆ ಎಂಬ ಈ ಕ್ರಮವೇ ಬಾಸೆಲಿನ ದೊಡ್ಡ ಗುಣ ಎಂದು ನನ್ನ ಎಣಿಕೆ. ಉತ್ಸಾಹವೊಂದನ್ನೇ ನೆಚ್ಚಿ ಜನರನ್ನು ಹಡಗು ಹತ್ತಿಸಬಾರದು ಎಂಬ ಅರಿವು ಅದರಲ್ಲಿತ್ತು.

ಸೇರಲು ಬರುತ್ತಿದ್ದವರು ಹೆಚ್ಚಾಗಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಕಡೆಯ ರೈತರ, ಕುಶಲಕರ್ಮಿಗಳ ಮಕ್ಕಳು. ಅರ್ಜಿಯ ಜೊತೆಗೆ ತನ್ನ ಬದುಕಿನ ಕಥೆಯನ್ನು ತಾನೇ ಬರೆದು ಕೊಡಬೇಕಿತ್ತು: ಹುಟ್ಟಿದ ಮನೆ, ಮಾಡಿದ ಕೆಲಸ, ಮನಸ್ಸು ದೇವರ ಕಡೆ ತಿರುಗಿದ ಬಗೆ. ಆ ಕಾಗದಗಳು ಬಾಸೆಲಿನ ದಫ್ತರಖಾನೆಯಲ್ಲಿ ಈಗಲೂ ಇವೆ. ಹೀಗೆ ಬಂದ ಹುಡುಗರಿಗೆ ಲ್ಯಾಟಿನ್, ಗ್ರೀಕ್, ಹೀಬ್ರೂ, ಇಂಗ್ಲಿಷ್ ಕಲಿಸಿದರು. ಜೊತೆಗೆ ಮೈಮುರಿಯುವ ಕೈಕೆಲಸ. ವಿಶ್ವವಿದ್ಯಾಲಯದ ಬಾಗಿಲು ತೆರೆಯದವರಿಗೆ ಇದು ಎಂಥ ಅವಕಾಶವೆಂದು ಊಹಿಸಬಹುದು. ಸಿರಿವಂತರ ಹಣವಷ್ಟೇ ಅಲ್ಲ, 1855ರಲ್ಲಿ ಶುರುವಾದ ‘ಅರ್ಧ ಬಾಟ್ಸನ್’ ವಂತಿಗೆಯೂ ಈ ಕೆಲಸವನ್ನು ಸಾಕಿತು. ಬಡವರ ಮನೆಗಳಿಂದ ವಾರವಾರ ಎತ್ತಿದ ಚಿಲ್ಲರೆ ಕಾಸು ಅದು.

ಆದರೆ ಹೊಗಳುವಾಗ ಲೆಕ್ಕ ತಪ್ಪಬಾರದು. ಮೊಗ್ಲಿಂಗ್, ವೈಗ್ಲೆ, ಮಲಯಾಳಕ್ಕೆ ದುಡಿದ ಗುಂಡರ್ಟ್ ಮೂವರೂ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಅವರ ಪಾಂಡಿತ್ಯವನ್ನು ಈ ಶಾಲೆಯ, ಅಂದರೆ ಬಾಸೆಲ್ ಸೆಮಿನರಿಯ, ಖಾತೆಗೆ ಬರೆಯುವುದು ಸರಿಯಲ್ಲ. ಅದರ ನಿಜವಾದ ಮಗ ಕಿಟೆಲ್. 1850ರಲ್ಲಿ ಸೇರಿ, 1853ರಲ್ಲಿ ಇಲ್ಲಿಗೆ ಬಂದರು. ಕೇಶಿರಾಜನ ವ್ಯಾಕರಣ ‘ಶಬ್ದಮಣಿದರ್ಪಣ’ವನ್ನೂ ‘ಛಂದೋಂಬುಧಿ’ಯನ್ನೂ ಸಂಪಾದಿಸಿ, 1894ರಲ್ಲಿ ಸುಮಾರು 70 ಸಾವಿರ ಶಬ್ದಗಳ ಕೋಶ ಕೊಟ್ಟರು. ಮೂರು ಪ್ರಾಚೀನ ಭಾಷೆಗಳ ವ್ಯಾಕರಣ ತಿದ್ದಿ ತೀಡಿದ ಮನಸ್ಸು ಕೇಶಿರಾಜನ ಸೂತ್ರಗಳ ಮುಂದೆ ಅಂಜಲಿಲ್ಲ. ಆದರೆ ಅವರಿಗೆ ಕನ್ನಡ ಹತ್ತಿದ್ದು ಬಾಸೆಲಿನಲ್ಲಲ್ಲ, ಇಲ್ಲಿನ ಮುನ್ಷಿಗಳ, ಪಂಡಿತರ ಎದುರಿನಲ್ಲಿ. ಮಿಷನರಿಯ ಓದಿನ ಎರಡನೆಯ ಭಾಗವನ್ನು ನಡೆಸಿಕೊಟ್ಟ ಈ ಗುರುಗಳಿಗೆ ಕಿಟೆಲರಿಗೆ ಸಂದ ಗೌರವದಲ್ಲಿ ನೂರರಲ್ಲೊಂದು ಪಾಲೂ ಸಿಕ್ಕಿಲ್ಲ. ಇದು ಬಾಸೆಲಿನ ತಪ್ಪು ಎನ್ನುವುದಕ್ಕಿಂತ ನಮ್ಮ ಸಾಹಿತ್ಯ ಚರಿತ್ರೆಯ ಕೊರತೆ.

ಶಿಸ್ತಿನ ಮಾತು ಬೇರೆ. 1850ರಿಂದ 1879ರವರೆಗೆ ಇನ್‌ಸ್ಪೆಕ್ಟರ್, ಅಂದರೆ ಸಂಸ್ಥೆಯ ಮುಖ್ಯಸ್ಥ, ಆಗಿದ್ದ ಯೋಸೆನ್‌ಹಾನ್ಸ್ ಕಾಲದಲ್ಲಿ ಅದು ಉಸಿರುಗಟ್ಟಿಸುವಷ್ಟಾಯಿತು. ವಿದ್ಯಾರ್ಥಿಗಳು ಒಬ್ಬರ ನಡತೆಯನ್ನು ಒಬ್ಬರು ಗಮನಿಸಿ ಹೇಳಬೇಕು. ಮಿಷನರಿ ಮದುವೆಯಾಗಬೇಕಾದರೆ ಮಿಷನ್ನಿನ ಆಡಳಿತ ಕಮಿಟಿಯ ಒಪ್ಪಿಗೆ ಬೇಕು. ವಧುವನ್ನೂ ಕಮಿಟಿಯೇ ಒಪ್ಪಬೇಕು. ಮುಖವನ್ನೂ ಕಾಣದ ಗಂಡನಿಗಾಗಿ ಹೆಣ್ಣುಮಕ್ಕಳು ಕಡಲು ದಾಟಿ ಬಂದರು. ಶಾಲೆ, ಆಸ್ಪತ್ರೆ, ಹೊಲಿಗೆ ಪಾಠ ಎಂದು ದುಡಿದ ಅವರಿಗೆ ಆ ಸೆಮಿನರಿಯ ಬೆಂಚಿನಲ್ಲಿ ಜಾಗವಿರಲಿಲ್ಲ. ಅಧಿಕಾರಕ್ಕೆ ತಲೆಬಾಗುವವರನ್ನು ರೂಪಿಸುವ ಮನೆ, ಸಾವಿರಾರು ಮೈಲಿಯಾಚೆ ಒಂಟಿಯಾಗಿ ನಿರ್ಧಾರ ತೆಗೆದುಕೊಳ್ಳುವವರನ್ನೂ ಬೇಡುತ್ತಿತ್ತು. ಎರಡೂ ಒಬ್ಬನಲ್ಲೇ ಕೂಡುವುದು ಕಷ್ಟ. ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಯೋಹಾನೆಸ್ ತ್ಸಿಮ್ಮರ್‌ಮನ್ 1851ರಲ್ಲಿ ಕ್ಯಾಥರಿನ್ ಮಲ್ಗ್ರೇವ್ ಎಂಬ ಆಫ್ರಿಕನ್ ಮೂಲದ ಶಿಕ್ಷಕಿಯನ್ನು ಕಮಿಟಿಯನ್ನು ಕೇಳದೆ ಮದುವೆಯಾದರು. ಬಾಸೆಲ್ ಕೆರಳಿತು. ಆದರೂ ಗಾ ಭಾಷೆಗೆ ವ್ಯಾಕರಣ ಕಟ್ಟಿ, ಬೈಬಲ್ ತಂದುಕೊಟ್ಟವರು ಅವರೇ. ಅಲ್ಲಿನ ಜನರ ನಡುವೆ ಮನೆ ಮಾಡಿದವನಿಗೆ ಅವರ ಮಾತು ಒಲಿಯಿತು ಎಂದೇ ನಾನು ಓದಿಕೊಳ್ಳುತ್ತೇನೆ.

ಸಮಾನತೆಯ ಪ್ರಶ್ನೆಯಲ್ಲಿ ಈ ಶಾಲೆಯನ್ನು ಪರೀಕ್ಷಿಸಲು ಮಂಗಳೂರಿಗೇ ಬರಬೇಕು. ಸಾರಸ್ವತ ಬ್ರಾಹ್ಮಣರ ಮನೆಯ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು, ಎರಡು ವರ್ಷದ ನಂತರ ಮೊಗ್ಲಿಂಗರ ಜೊತೆ ಬಾಸೆಲಿಗೆ ಹೋದರು. ಅದೇ ಸೆಮಿನರಿಯಲ್ಲಿ ಓದಿ, 1851ರಲ್ಲಿ ಅಭಿಷಿಕ್ತರಾಗಿ ಮರಳಿದರು. ಮದುವೆಯಾದ ಹೆಂಡತಿ ಅವರ ಜೊತೆ ಬಾಳಲು ಬರಲಿಲ್ಲ. ಆ ಹೆಣ್ಣುಮಗಳ ಸಂಕಟದ ಬಗ್ಗೆ ಮಿಷನ್ನಿನ ಹೆಮ್ಮೆಯ ಕಥನಗಳು ಹೆಚ್ಚು ಮಾತಾಡುವುದಿಲ್ಲ. ಘಾನಾದಿಂದ ಡೇವಿಡ್ ಅಸಾಂಟೆಯೂ ಹೀಗೆಯೇ ಬಾಸೆಲಿಗೆ ಹೋಗಿ ಕಲಿತವರು. ಅಂದರೆ, ಇಲ್ಲಿಯವರು ಕಲಿಯಲಾರರು ಎಂದು ಹೇಳಲು ಬಾಸೆಲಿಗೆ ಆಧಾರವಿರಲಿಲ್ಲ. ಆದರೂ ಆ ದಾರಿ ಹೆದ್ದಾರಿಯಾಗಲಿಲ್ಲ. 1847ರಲ್ಲಿ ಮಂಗಳೂರಿನಲ್ಲೇ ತರಬೇತಿ ಶಾಲೆ ಶುರುವಾಯಿತು. ಅದು ಒಳ್ಳೆಯ ಕೆಲಸ, ಬಲ್ಮಠದಲ್ಲಿ ಅದರ ಪರಂಪರೆ ಇಂದಿಗೂ ಇದೆ. ಆದರೆ ಆಗ ಅಲ್ಲಿ ಕಲಿತವರು ಉಪದೇಶಿಗಳಾದರು, ಬಾಸೆಲಿನಲ್ಲಿ ಕಲಿತವರು ಮಿಷನರಿಗಳಾಗಿ ಅವರ ಮೇಲೆ ಕೂತರು. ಸಂಬಳ, ಸ್ಥಾನ, ತೀರ್ಮಾನದ ಹಕ್ಕು ಎಲ್ಲ ಆ ಗೆರೆಯ ಪ್ರಕಾರವೇ ಹಂಚಿಹೋದವು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಹಿಡಿದಿಟ್ಟು ಹೊರಗಟ್ಟಿದಾಗ, ಎಂಬತ್ತು ವರ್ಷಗಳಿಂದ ಎರಡನೇ ಸಾಲಿನಲ್ಲಿ ನಿಲ್ಲಿಸಿದ್ದವರ ಹೆಗಲಿಗೆ ಸಭೆಗಳ ಭಾರ ಒಮ್ಮೆಗೇ ಬಿತ್ತು. ಕೌಂಡಿನ್ಯರನ್ನು ಕಳಿಸಿದ ಹಾಗೆ ಇನ್ನೂ ಹತ್ತಾರು ಜನರನ್ನು ಮೊದಲೇ ಸಿದ್ಧಪಡಿಸಲು ಬಾಸೆಲಿಗೆ ಸಮಯವಿತ್ತು, ಶಾಲೆಯೂ ಇತ್ತು.