ಚರ್ಚ್ ಸ್ಟ್ರೀಟಿಗೆ ಚಪ್ಪಾಳೆ, 500-ಡಿಗೆ ಮರೆವು

ಬೆಂಗಳೂರಿನಲ್ಲಿ ಕಾರಿಲ್ಲದೆ ಬದುಕಲು ಸಾಧ್ಯವೇ ಎಂಬ ಚರ್ಚೆ ಎದ್ದಾಗಲೆಲ್ಲ ಒಂದು ಫೋಟೊ ತಪ್ಪದೆ ಹಾಜರಾಗುತ್ತದೆ. ಚರ್ಚ್ ಸ್ಟ್ರೀಟಿನ ನಡುರಸ್ತೆ, ಒಂದೂ ಗಾಡಿಯಿಲ್ಲ, ಜನ ಆರಾಮಾಗಿ ಅಡ್ಡಾಡುತ್ತಿದ್ದಾರೆ, ಯಾರೋ ಗಿಟಾರ್ ಹಿಡಿದು ಕೂತಿದ್ದಾರೆ. 2020ರ ನವೆಂಬರಿನಲ್ಲಿ ಶುರುವಾಗಿ ಮರುವರ್ಷ ಫೆಬ್ರುವರಿವರೆಗೆ ವಾರಾಂತ್ಯಗಳಲ್ಲಿ ನಡೆದ ‘ಚರ್ಚ್ ಸ್ಟ್ರೀಟ್ ಫಸ್ಟ್’ ಪ್ರಯೋಗದ ನೆನಪು ಅದು. ನಗರ ಭೂಸಾರಿಗೆ ನಿರ್ದೇಶನಾಲಯ, ಭಾರತೀಯ ವಿಜ್ಞಾನ ಸಂಸ್ಥೆ, ಬ್ರಿಟನ್ನಿನ ಕ್ಯಾಟಪಲ್ಟ್ ನೆಟ್‌ವರ್ಕ್ ಇಷ್ಟೂ ಸೇರಿ ನಡೆಸಿದ್ದು. ಗಾಳಿಯ ಗುಣಮಟ್ಟ ಅಳೆದರು, ವರದಿ ಬರೆದರು. ಅಂದಿನಿಂದ ಇಂದಿನವರೆಗೆ ನಗರಯೋಜನೆಯ ಭಾಷಣಗಳಲ್ಲಿ ಅದಕ್ಕೆ ಆರತಿ ಎತ್ತುವುದು ನಿಂತಿಲ್ಲ.

ಅಷ್ಟು ಹೊಗಳಿಕೆಗೆ ಆ ಪ್ರಯೋಗ ಯೋಗ್ಯವಲ್ಲ. ಅದಕ್ಕಿಂತ ಒಂದು ವರ್ಷ ಹಿಂದೆ, 2019ರ ಕೊನೆಯಲ್ಲಿ, ಹೊರ ವರ್ತುಲ ರಸ್ತೆಯ ಎಡಪಟ್ಟಿಯಲ್ಲಿ ಗೂಟ ನೆಟ್ಟು ಬಿಎಂಟಿಸಿ ಬಸ್ಸಿಗೆಂದೇ ಬಿಡಿಸಿಕೊಟ್ಟ ದಾರಿಯೊಂದಿತ್ತು. ನೋಡಲು ಒರಟು, ಫೋಟೊಗೆ ಒಗ್ಗದ್ದು. ಈ ಊರು ಕಾರಿಲ್ಲದ ಬದುಕಿಗಾಗಿ ಮಾಡಿದ ಕೆಲಸಗಳಲ್ಲಿ ನಿಜಕ್ಕೂ ಧೈರ್ಯದ್ದು ಯಾವುದೆಂದರೆ ಅದು.

ಚರ್ಚ್ ಸ್ಟ್ರೀಟಿಗೆ ಸಲ್ಲಬೇಕಾದ್ದು ಸಲ್ಲಲಿ. ಗಾಡಿ ಬಿಡದಿದ್ದರೆ ರಸ್ತೆ ಬಿಕೋ ಎನ್ನುತ್ತದೆ ಎಂಬ ಹೆದರಿಕೆಯನ್ನು ಅದು ಸುಳ್ಳು ಮಾಡಿತು. ಕೋವಿಡ್ ಕಾಲದಲ್ಲೂ ಜನ ಮುಗಿಬಿದ್ದು ಬಂದರು. ಆದರೆ ಪರೀಕ್ಷೆಗೆ ಆರಿಸಿಕೊಂಡದ್ದೇ ಉತ್ತರ ಮೊದಲೇ ಗೊತ್ತಿದ್ದ ಪ್ರಶ್ನೆ. ಬ್ರಿಗೇಡ್ ರೋಡಿನಿಂದ ಸೇಂಟ್ ಮಾರ್ಕ್ಸ್ ರೋಡಿಗೆ ಒಂದು ಕಿಲೋಮೀಟರೂ ಇಲ್ಲದ ಬೀದಿ. ಬ್ಲಾಸಂ, ಬುಕ್‌ವರ್ಮ್ ಪುಸ್ತಕದಂಗಡಿಗಳು, 2009ರಲ್ಲಿ ಎಂ.ಜಿ. ರೋಡಿನಿಂದ ಎದ್ದು ಬಂದ ಇಂಡಿಯನ್ ಕಾಫಿ ಹೌಸ್, ಬೆನ್ನಿಗೇ ಮೆಟ್ರೊ ನಿಲ್ದಾಣ. ಡಿಸೆಂಬರ್ 31ರ ರಾತ್ರಿ ಪೊಲೀಸರು ಬ್ಯಾರಿಕೇಡ್ ಎಳೆದು ಇಲ್ಲಿ ಗಾಡಿ ನಿಲ್ಲಿಸುವುದು ಬೆಂಗಳೂರಿಗರಿಗೆ ಹಳೆಯ ಸಂಗತಿ. ಅದಕ್ಕೆ ಯಾವ ವಿದೇಶಿ ಸಂಸ್ಥೆಯ ನೆರವೂ ಬೇಕಾಗಿರಲಿಲ್ಲ.

ಅಲ್ಲಿಗೆ ಬಂದವರು ಅಲ್ಲಿಗೆ ಹೇಗೆ ಬಂದರು ಎನ್ನುವುದನ್ನು ಆ ಫೋಟೊ ಹೇಳುವುದಿಲ್ಲ. ಪಕ್ಕದ ರಸ್ತೆಯಲ್ಲಿ ಕಾರು ನಿಲ್ಲಿಸಿ ನಡೆದು ಬಂದವನೂ ಅಲ್ಲಿ ಪಾದಚಾರಿಯೇ. ಕಾರಿಲ್ಲದ ಬೀದಿಗೆ ಕಾರಿನಲ್ಲಿ ಬರಬಹುದು; ಕಾರಿಲ್ಲದ ಬದುಕಿಗೆ ಬರಲಾಗುವುದಿಲ್ಲ. ಶನಿವಾರ ಭಾನುವಾರ ಕಾಫಿಗೆ, ಪುಸ್ತಕಕ್ಕೆ, ಬಿಯರಿಗೆ ಹೋಗುವ ದಾರಿ ಚೆಂದವಾಯಿತು. ಸೋಮವಾರ ಬೆಳಿಗ್ಗೆ ಆಫೀಸಿಗೋ ಆಸ್ಪತ್ರೆಗೋ ಹೋಗಬೇಕಾದವರ ದಾರಿ ಇದ್ದ ಹಾಗೇ ಇತ್ತು.

ಈಗ ಹೊರ ವರ್ತುಲ ರಸ್ತೆಗೆ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗಿನ ಆ ಹಾದಿಯ ಪಾಡು ಗೊತ್ತಿಲ್ಲದವರಿಲ್ಲ, ವಿವರಣೆ ಬೇಡ. ಹೆಬ್ಬಾಳ–ಸಿಲ್ಕ್ ಬೋರ್ಡ್ ನಡುವಿನ 500-ಡಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ಒಂದು ಕಾಲೂರಿ ನಿಂತವರಿಗಂತೂ ಬೇಡವೇ ಬೇಡ. ಮುಖ್ಯ ರಸ್ತೆಯ ಎಡತುದಿಯ ಲೇನನ್ನು ಗೂಟಗಳ ಸಾಲಿನಿಂದ ಬೇರ್ಪಡಿಸಿ ಬಸ್ಸಿಗೆ ಬಿಟ್ಟರು. ಬೇರೆ ವಾಹನ ನುಗ್ಗಿದರೆ ದಂಡ ಎಂದು ಸಾರಿದರು. ಯೋಜನೆ ಇಷ್ಟೇ.

ಲಾಭ ಎಲ್ಲಿ ಎಂಬುದನ್ನು ಮೆಚ್ಚಿದವರೂ ಸರಿಯಾಗಿ ಹಿಡಿಯಲಿಲ್ಲ. ಬಸ್ಸು ಇಷ್ಟು ವೇಗವಾಯಿತು, ಇಷ್ಟು ನಿಮಿಷ ಉಳಿಯಿತು ಎಂಬ ಲೆಕ್ಕದಲ್ಲೇ ಪತ್ರಿಕೆಗಳು ಮುಳುಗಿದವು. ಪ್ರಯಾಣಿಕನನ್ನು ಕಾಡುವುದು ಸ್ಟಾಪಿನಲ್ಲಿನ ಕಾಯುವಿಕೆ. ಅರ್ಧ ಗಂಟೆ ಒಂದೂ ಬಸ್ಸಿಲ್ಲ, ಆಮೇಲೆ ಒಂದರ ಹಿಂದೆ ಒಂದು ಮೂರು ಬಸ್ಸು, ಮೊದಲನೆಯದು ತುಂಬಿ ತುಳುಕುತ್ತಿದೆ, ಮೂರನೆಯದು ಖಾಲಿ. ಜಾಮಿನಲ್ಲಿ ಒಂದು ಬಸ್ಸು ತಡವಾದರೆ ಮುಂದಿನ ಸ್ಟಾಪಿನಲ್ಲಿ ಜನ ಹೆಚ್ಚುತ್ತಾರೆ, ಹತ್ತಿಸಿಕೊಳ್ಳಲು ಇನ್ನಷ್ಟು ಹೊತ್ತು, ಅಷ್ಟರಲ್ಲಿ ಹಿಂದಿನದು ಬಂದು ಅಂಟಿಕೊಳ್ಳುತ್ತದೆ. ದಾರಿ ಬಿಡುವಾದರೆ ಈ ಗಂಟು ಬಿಚ್ಚಿಕೊಳ್ಳುತ್ತದೆ. ಟ್ರಿಪ್ ಹೊತ್ತಿಗೆ ಸರಿಯಾಗಿ ಮುಗಿದರೆ ಅದೇ ಬಸ್ಸು, ಅದೇ ಡ್ರೈವರ್ ಕಂಡಕ್ಟರ್ ಅದೇ ಪಾಳಿಯಲ್ಲಿ ಇನ್ನೊಂದು ಟ್ರಿಪ್ ಹೊಡೆಯಬಹುದು. ಹೊಸ ಬಸ್ ಕೊಳ್ಳದೆ ಬಸ್ ಹೆಚ್ಚುವ ಉಪಾಯವಿದು.

ಗೂಟದ ಸಾಲಿನ ನಿಜವಾದ ಪರೀಕ್ಷೆ ಅದು ಮುರಿಯುವ ಜಾಗದಲ್ಲಿ. ಸರ್ವಿಸ್ ರಸ್ತೆಯ ಗಾಡಿಗಳು ಮುಖ್ಯ ರಸ್ತೆಗೆ ಸೇರಬೇಕಾದರೆ ಎಡಪಟ್ಟಿಯನ್ನು ದಾಟಲೇಬೇಕು. ಅಲ್ಲಿ ಸಾಲನ್ನು ಬಿಡಬೇಕು. ಆ ಕಿಂಡಿಯಲ್ಲಿ ಕಾರೊಂದು ಬಲಕ್ಕೆ ಹೊರಳುವಂತೆ ನಟಿಸಿ ನೇರ ಹೋಗುತ್ತದೆ ಎನ್ನಿ. ಎದುರು ಖಾಲಿ ದಾರಿ, ಯಾರಿಗೆ ಬೇಡ? ಹತ್ತು ಮಾರು ಹೋದ ಮೇಲೆ ಚಾಲಕನಿಗೆ ಬುದ್ಧಿ ಬಂದರೂ ಪ್ರಯೋಜನವಿಲ್ಲ. ಕಾರನ್ನು ಹೊರಗಿಡಲು ನೆಟ್ಟ ಗೂಟಗಳೇ ಈಗ ಅವನನ್ನು ಒಳಗೆ ಕೂಡಿಹಾಕಿವೆ. ಮುಂದಿನ ಕಿಂಡಿ ಬರುವವರೆಗೆ ಹಿಂದಿನ ಬಸ್ಸಿನ ಅಷ್ಟೂ ಜನ ಅವನ ವೇಗದಲ್ಲೇ ಸಾಗಬೇಕು. ಬಸ್ಸೇ ಕೆಟ್ಟು ನಿಂತರಂತೂ ಹಿಂದಿನ ಬಸ್ಸುಗಳಿಗೆ ಪಕ್ಕಕ್ಕೆ ಹೊರಳಲು ಜಾಗವಿಲ್ಲ. ಇನ್ನು ಲಾರಿ ಒರಸಿ ಉರುಳಿದ ಪ್ರತಿ ಗೂಟವೂ ಒಂದು ಹೊಸ ಕಿಂಡಿ. ಬೈಕುಗಳಿಗೆ ಅಷ್ಟು ಸಾಕು.

ಇವೆಲ್ಲ ದೋಷಗಳೇ, ಒಪ್ಪೋಣ. ಆದರೆ ಇವು ನಿಜವಾದ ಹೋರಾಟಕ್ಕೆ ಇಳಿದವರಿಗೆ ಮಾತ್ರ ಎದುರಾಗುವ ದೋಷಗಳು. ದಿನಾ ಬೆಳಿಗ್ಗೆ ಗೂಟ ರಿಪೇರಿ ಮಾಡುವ ಆಳು, ಕಿಂಡಿಯಲ್ಲಿ ನಿಂತು ಕಾಯುವ ಪೇದೆ, ಕೆಟ್ಟ ಬಸ್ಸನ್ನು ಎಳೆದೊಯ್ಯುವ ಗಾಡಿ, ಇಷ್ಟು ಪಳಗಬೇಕಾದರೆ ಕಾಲ ಬೇಕು. ಆ ಲೇನಿಗೆ ಸಿಕ್ಕಿದ್ದು ಕೆಲವೇ ತಿಂಗಳು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ಬಸ್ಸೂ ನಿಂತಿತು, ರಸ್ತೆಬದಿಯ ಐಟಿ ಕಚೇರಿಗಳೂ ಮನೆ ಸೇರಿದವು. ಆಮೇಲೆ ಸಿಲ್ಕ್ ಬೋರ್ಡ್–ಕೆ.ಆರ್. ಪುರ ಮೆಟ್ರೊ ಕಾಮಗಾರಿ ರಸ್ತೆಯನ್ನು ಆಕ್ರಮಿಸಿಕೊಂಡಿತು. ಊಟಕ್ಕೆ ಕೂರಿಸಿ ಎಲೆ ತುದಿಗೆ ಉಪ್ಪು ಬಡಿಸಿದೊಡನೆ ಎಬ್ಬಿಸಿ, ಊಟ ಸೇರಲಿಲ್ಲವಂತೆ ಎಂದು ಸುದ್ದಿ ಹಬ್ಬಿಸಿದಂತಾಯಿತು.

ಬಸ್ಸಿಗೆ ದಾರಿ ಬಿಟ್ಟರೆ ಬೈಗುಳ ತಿನ್ನುವುದು ಬೆಂಗಳೂರೊಂದರ ಹಣೆಬರಹವಲ್ಲ. ಬಸ್ಸಿಗೆಂದೇ ಲೇನು ಮೀಸಲಿಟ್ಟಿದ್ದ ದೆಹಲಿಯ ಬಿಆರ್‌ಟಿ ಕಾರಿಡಾರನ್ನು 2012ರಲ್ಲಿ ಅಲ್ಲಿನ ಹೈಕೋರ್ಟ್ ಎತ್ತಿಹಿಡಿದರೂ 2016ರಲ್ಲಿ ಸರ್ಕಾರವೇ ಕಿತ್ತುಹಾಕಿತು. ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸುಗಳು 2018ರಿಂದ ಓಡುತ್ತಿವೆ. ಪಕ್ಕದ ಮಿಶ್ರ ಲೇನು ಇಕ್ಕಟ್ಟಾಯಿತು, ಬಿಆರ್‌ಟಿಎಸ್ ತೆಗೆಯಿರಿ ಎಂಬ ಕೂಗು ಅಲ್ಲೂ ಇದೆ. ಇಕ್ಕಟ್ಟು ಸುಳ್ಳಲ್ಲ. ರಸ್ತೆಯಲ್ಲಿ ಯಾರಿಗಾದರೂ ಜಾಗ ಕೊಡಬೇಕಾದರೆ ಇನ್ನೊಬ್ಬರಿಂದ ತೆಗೆದುಕೊಳ್ಳಬೇಕು ಎಂಬುದನ್ನು ಆ ಎರಡೂ ಯೋಜನೆಗಳು ಮುಚ್ಚಿಡಲಿಲ್ಲ. ಚರ್ಚ್ ಸ್ಟ್ರೀಟು ವಾರಕ್ಕೆ ಎರಡು ದಿನದ ಮಟ್ಟಿಗಷ್ಟೇ ತೆಗೆದುಕೊಂಡಿತು, ಹಾಗಾಗಿ ಎಲ್ಲರಿಗೂ ಪ್ರಿಯವಾಯಿತು.

ಈ ಪ್ರಿಯತೆಯನ್ನು ಬೆಳೆಸಿದವರ ಬಗ್ಗೆಯೂ ಒಂದು ಮಾತು ಹೇಳಬೇಕು. ಈಚೆಗೆ ಒಂದು ಬರಹ ಪ್ರಕಾರವೇ ಹುಟ್ಟಿಕೊಂಡಿದೆ: ಕಾರು ಬಿಟ್ಟು ಕಳೆದ ತಿಂಗಳಿನ ಡೈರಿ. ಲೇಖಕರು ಮೊದಲ ವಾರ ಒದ್ದಾಡುತ್ತಾರೆ, ಎರಡನೇ ವಾರ ಕಂಡಕ್ಟರಿನ ಮಾನವೀಯತೆಯನ್ನು ಕಂಡುಹಿಡಿಯುತ್ತಾರೆ, ಕೊನೆಗೆ ಉಳಿದ ಪೆಟ್ರೋಲ್ ದುಡ್ಡಿನ ಲೆಕ್ಕ ಕೊಟ್ಟು ಓದುಗರಿಗೆ ಕರೆ ಕೊಡುತ್ತಾರೆ. ಈ ಊರಿನ ಬಹುಮಂದಿ ಕಾರನ್ನು ಬಿಟ್ಟವರಲ್ಲ, ಕಾರೇ ಇಲ್ಲದವರು ಎಂಬುದು ಈ ಡೈರಿಗಳಲ್ಲಿ ಎಲ್ಲೂ ಸುಳಿಯುವುದಿಲ್ಲ. ಪೀಣ್ಯದ ಗಾರ್ಮೆಂಟ್ಸ್ ಕೆಲಸ ಬಿಟ್ಟು ಬರುವ ಹೆಂಗಸು ಡೈರಿ ಬರೆದರೆ ಅದಕ್ಕೆ ಪ್ರಯೋಗ ಎಂಬ ಹೆಸರು ಸಿಗುವುದೇ?

ಕಾರೇ ಇಲ್ಲದವರ ಡೈರಿಯಲ್ಲಿ ಇರಬಹುದಾದದ್ದು ಬೇರೆ. ಐವತ್ತರ ನೋಟು ಕೊಟ್ಟರೆ ಕಂಡಕ್ಟರ್ ಬಾಕಿ ಚಿಲ್ಲರೆಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುವುದು, ಇಳಿಯುವ ಸ್ಟಾಪ್ ಬಂದರೂ ಅವನು ಮುಂದಿನ ಬಾಗಿಲಲ್ಲೇ ಇರುವುದು, ಆ ಗದ್ದಲದಲ್ಲಿ ಬಾಕಿ ಬಿಟ್ಟೇ ಇಳಿಯಬೇಕಾದ್ದು. ಈಗ ಬಸ್ಸಿನಲ್ಲೇ ಕ್ಯೂಆರ್ ಕೋಡ್ ಇದೆ, ನೆಟ್‌ವರ್ಕ್ ಇದ್ದರೆ ಬಚಾವು. ರಾತ್ರಿ ಬಸ್ಸು ತಪ್ಪಿದರೆ ಆಟೊ. 2025ರ ಆಗಸ್ಟಿನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ ಎಂಬುದು ಸರ್ಕಾರದ ದರ. ರಸ್ತೆಯ ದರ ಎಷ್ಟೆಂದರೆ ‘ಆ ಕಡೆಯಿಂದ ಖಾಲಿ ಬರಬೇಕು ಸಾರ್’ ಎಂಬ ಮಾತಿನಿಂದ ಮುಂದಕ್ಕೆ ಶುರು. ಗ್ರೈಂಡರ್ ಕೆಟ್ಟರೆ ಅದನ್ನು ರಿಪೇರಿ ಅಂಗಡಿಗೆ ಒಯ್ಯುವುದು ಹೇಗೆಂಬುದು ಕಾರಿಲ್ಲದ ಮನೆಯಲ್ಲಿ ಒಂದು ಸಂಜೆಯ ಚರ್ಚೆ.

ಕಾರು ಬಿಟ್ಟು ಡೈರಿ ಬರೆಯುವವರಿಗೆ ಎದುರಾಳಿಗಳಂತೆ ಕಾಣುವ ಇನ್ನೊಂದು ಗುಂಪಿದೆ: ಕಾರಿಲ್ಲದ ಬೀದಿ, ಸೈಕಲ್ ದಾರಿ ಎಲ್ಲ ಹೊಟ್ಟೆ ತುಂಬಿದವರ ಶೋಕಿ ಎನ್ನುವವರು. ಚರ್ಚ್ ಸ್ಟ್ರೀಟಿನ ಮಟ್ಟಿಗೆ ಅವರ ಮಾತಿನಲ್ಲಿ ಹುರುಳಿದೆ. ಅಲ್ಲಿಂದ ಹಾರಿ ಇಡೀ ವಿಚಾರವನ್ನೇ ತಳ್ಳಿಹಾಕುವಾಗ ಅವರೂ ಡೈರಿ ಬರೆಯುವವರಷ್ಟೇ ಕುರುಡರು. ನಡೆಯುವವರೆಂದರೆ ವಾಕಿಂಗ್ ಹೋಗುವವರು ಎಂದೇ ಇಬ್ಬರೂ ತಿಳಿದಿದ್ದಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ಹೆಂಗಸರು ಶೂನ್ಯ ಮೊತ್ತದ ಟಿಕೆಟ್ ಹಿಡಿದು ಬಸ್ಸು ಹತ್ತಿದಾಗ ಈ ಇಬ್ಬರೂ ಏನು ಬರೆದರು? ಬೊಕ್ಕಸದ ಹೊರೆ, ನೂಕುನುಗ್ಗಲು, ಕೆಲಸವಿಲ್ಲದೆ ತಿರುಗಾಟ. ಹೊರೆಯ ಪ್ರಶ್ನೆ ಕೇಳಬೇಕಾದದ್ದೇ. ಆದರೆ ಸ್ವಂತ ವಾಹನವಿಲ್ಲದವರ ಓಡಾಟದ ಮೇಲೆ ಈ ರಾಜ್ಯದಲ್ಲಿ ನಡೆದ ಅತಿದೊಡ್ಡ ಪ್ರಯೋಗವನ್ನು ಪ್ರಯೋಗವೆಂದು ಗುರುತಿಸದೆ, ಮುಕ್ಕಾಲು ಕಿಲೋಮೀಟರಿನ ವಾರಾಂತ್ಯಕ್ಕೆ ಆ ಪಟ್ಟ ಕಟ್ಟಿದವರ ದೃಷ್ಟಿಯ ಬಗ್ಗೆ ಅನುಮಾನ ಬಂದರೆ ತಪ್ಪೇನು?

ಸೈಕಲ್ಲಿನ ಕತೆ ಬೇಗ ಮುಗಿಯುತ್ತದೆ. ಮೈಸೂರಿನ ಬಾಡಿಗೆ ಸೈಕಲ್ ಯೋಜನೆ ಟ್ರಿಣ್ ಟ್ರಿಣ್ 2017ರಲ್ಲಿ 450 ಸೈಕಲ್ಲುಗಳೊಂದಿಗೆ ಬಂತು; ಸಪಾಟು ರಸ್ತೆ, ಹತ್ತಿರದ ದೂರಗಳ ಊರಿಗೆ ಹೇಳಿ ಮಾಡಿಸಿದ್ದು, ನಿರ್ವಹಣೆಯಲ್ಲಿ ಸೊರಗಿತು. 2020ರಲ್ಲಿ ಅದೇ ಹೊರ ವರ್ತುಲ ರಸ್ತೆಯಲ್ಲಿ ದಿಢೀರ್ ಸೈಕಲ್ ಲೇನ್ ಬಂತು, ಅದೂ ಮೆಟ್ರೊ ಕಾಮಗಾರಿಯ ನಡುವೆ ಕಳೆದುಹೋಯಿತು. ಜಯನಗರದಲ್ಲಿ ಅದಕ್ಕೂ ಮೊದಲು ಬಳಿದ ಸೈಕಲ್ ಪಟ್ಟಿಯ ಮೇಲೆ ಕಾರುಗಳು ನಿಂತವು. ಬಣ್ಣ ಬಳಿದರೆ ಜಾಗ ಬಿಟ್ಟುಕೊಡುತ್ತಾರೆ ಎಂದು ನಂಬಿದ್ದೇ ಆಶ್ಚರ್ಯ.

ಬಸ್ ಲೇನಿನ ದೊಡ್ಡ ಲೋಪ ಲೇನಿನಲ್ಲಿ ಇರಲಿಲ್ಲ, ಅದರ ಅಂಚಿನಲ್ಲಿತ್ತು. ಬಸ್ಸು ಹತ್ತುವವರು ಮೊದಲು ಸ್ಟಾಪಿಗೆ ನಡೆದು ಬರಬೇಕಲ್ಲ? ಪಾದಚಾರಿ ಮಾರ್ಗದ ಬಗ್ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಅಂಚುಗಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು, ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಬೆಂಗಳೂರಿನ ಯಾವ ಬಡಾವಣೆಗಾದರೂ ಹೋಗಿ. ಚರಂಡಿಯ ಮೇಲಿನ ಚಪ್ಪಡಿಯೇ ಫುಟ್‌ಪಾತ್. ಮಳೆಗಾಲದಲ್ಲಿ ಸಡಿಲ ಚಪ್ಪಡಿಯ ಮೇಲೆ ಕಾಲಿಟ್ಟರೆ ಕೆಳಗಿನ ಕೊಚ್ಚೆ ಸೀರೆಯಂಚಿಗೆ ಚಿಮ್ಮುತ್ತದೆ. ಪ್ರತಿ ಮನೆಯ ಗೇಟಿನ ಮುಂದೆ ಕಾರು ಹತ್ತಲು ಇಳಿಜಾರು, ಅದರಾಚೆ ಮತ್ತೆ ಮೊಣಕಾಲೆತ್ತರದ ಮೆಟ್ಟಿಲು, ನಡುವೆ ಟ್ರಾನ್ಸ್‌ಫಾರ್ಮರ್. ಮಂಡಿನೋವಿನ ಅಜ್ಜಿ ಇಷ್ಟು ಹತ್ತಿಳಿಯುವ ಬದಲು ರಸ್ತೆಗೇ ಇಳಿಯುತ್ತಾಳೆ. ಫುಟ್‌ಪಾತ್ ಖಾಲಿ ಬಿದ್ದಿದೆ, ಜನ ಬಳಸುವುದೇ ಇಲ್ಲ ಎಂದು ಅದರ ಮೇಲೆ ಸ್ಕೂಟರು ನಿಲ್ಲುತ್ತದೆ. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಫುಟ್‌ಪಾತನ್ನು ಸಂವಿಧಾನದ 21ನೇ ವಿಧಿಯಡಿಯ ಹಕ್ಕೆಂದು ಹೇಳಿದ್ದು ಈ ಗೇಟುಗಳವರೆಗೆ ಇನ್ನೂ ತಲುಪಿಲ್ಲ. ಸೇಂಟ್ ಮಾರ್ಕ್ಸ್ ರೋಡ್, ರೆಸಿಡೆನ್ಸಿ ರೋಡಿನಂಥ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಕೊಳವೆ, ಕೇಬಲ್ಲುಗಳನ್ನು ಫುಟ್‌ಪಾತಿನಡಿ ಜೋಡಿಸಿ ಅಗಲವಾದ ದಾರಿ ಮಾಡಿದ್ದು ನಿಜ. ಅವು ನಗರದ ನಡುಮಧ್ಯದ ರಸ್ತೆಗಳು, ವರ್ತುಲ ರಸ್ತೆಯ ಸ್ಟಾಪಿನಿಂದ ಒಳಬಡಾವಣೆಗೆ ಹೋಗುವ ಓಣಿಗಳಲ್ಲ.

ಮೆಟ್ರೊ ಕಾಮಗಾರಿ ಮುಗಿದ ಮೇಲೆ ವರ್ತುಲ ರಸ್ತೆಯಲ್ಲಿ ಬಸ್ಸಿನ ಅಗತ್ಯ ತೀರುತ್ತದೆ ಎಂಬ ವಾದವೂ ಕೇಳಿಬರುತ್ತಿದೆ. ಮೆಟ್ರೊ ನಿಲ್ದಾಣಕ್ಕೆ ಜನರನ್ನು ತಂದು ಬಿಡುವವರು ಯಾರು? ರಸ್ತೆಯನ್ನು ಹೇಗೂ ಹೊಸದಾಗಿ ಕಟ್ಟಲೇಬೇಕು, ಎಡಪಟ್ಟಿಯನ್ನು ಬಸ್ಸಿಗೆ ಬರೆದುಕೊಡಲು ಅದೇ ಹೊತ್ತು. ಈ ಸಲ ಬಿಡಿಬಿಡಿ ಗೂಟದ ಬದಲು ಅಖಂಡ ಅಂಚುಗಲ್ಲು, ಕಿಂಡಿಗಳಲ್ಲಿ ಕ್ಯಾಮೆರಾ, ಕೆಟ್ಟ ಬಸ್ಸಿಗೆ ಹೊರಳಲು ಅಲ್ಲಲ್ಲಿ ಜಾಗ, ಸ್ಕೈವಾಕ್ ಹತ್ತಿಸದೆ ನೆಲದಲ್ಲೇ ದಾಟಲು ಸಿಗ್ನಲ್. ಉದ್ಘಾಟನೆಯನ್ನು ಭಾನುವಾರ ಇಟ್ಟುಕೊಳ್ಳದೆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮಾರತಹಳ್ಳಿ ಸ್ಟಾಪಿನಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಮಂತ್ರಿಗಳೂ 500-ಡಿಯಲ್ಲೇ ಬರಲಿ.