ಕವಿಶಿಕ್ಷೆಯಲ್ಲಿ ಅನುಕರಣ: ‘ಪಾರ್ಶ್ವಾಭ್ಯುದಯ’ವನ್ನು ಕುರಿತು ಒಂದು ವಿವೇಚನೆ

ಭಗವಜ್ಜಿನಸೇನಾಚಾರ್ಯರ ‘ಪಾರ್ಶ್ವಾಭ್ಯುದಯ’ವು ಕಾಳಿದಾಸನ ‘ಮೇಘದೂತ’ದ ಪಾದಗಳನ್ನು ತನ್ನ ಒಡಲಲ್ಲಿಟ್ಟುಕೊಂಡು ರಚಿತವಾದ ಸಮಸ್ಯಾಪೂರಣ ಕಾವ್ಯವೆಂಬುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ನಾಲ್ಕು ಸರ್ಗಗಳು, ೩೬೪ ಪದ್ಯಗಳು. ಪ್ರತಿಪದ್ಯದಲ್ಲಿಯೂ ಕಾಳಿದಾಸನ ಒಂದೋ ಎರಡೋ ಪಾದಗಳು, ಉಳಿದವು ಆಚಾರ್ಯರವು. ಈ ಕಾವ್ಯದ ವಿಷಯದಲ್ಲಿ ನಮ್ಮಲ್ಲಿ ಎರಡು ಬಗೆಯ ಮಾತುಗಳು ರೂಢಿಯಲ್ಲಿವೆ. ಇದು ಕೇವಲ ಪಾಂಡಿತ್ಯದ ಕಸರತ್ತು, ಪರರ ಸೊತ್ತಿನಿಂದ ಕಟ್ಟಿದ ಮನೆ ಎಂಬುದು ಒಂದು. ಇನ್ನೊಂದು ನಮ್ಮವರೇ ಅಭಿಮಾನದಿಂದ ಹೇಳಿಕೊಂಡು ಬಂದಿರುವ ಕಥೆ. ಇವೆರಡೂ ಕಾವ್ಯಕ್ಕೆ ನ್ಯಾಯವನ್ನು ಒದಗಿಸುವುದಿಲ್ಲವೆಂದು ನನ್ನ ಅಭಿಪ್ರಾಯ.

ಕಥೆಯನ್ನೇ ಮೊದಲು ನೋಡೋಣ. ಇದನ್ನು ಹೇಳಿದವರು ಶ್ರವಣಬೆಳಗೊಳದ ಯೋಗಿರಾಟ್ ಪಂಡಿತಾಚಾರ್ಯರು, ಈ ಕಾವ್ಯದ ವ್ಯಾಖ್ಯಾನಕಾರರು. ಕಾಳಿದಾಸನು ಅಮೋಘವರ್ಷನ ಆಸ್ಥಾನಕ್ಕೆ ಬಂದು ಮೇಘದೂತವನ್ನು ಗರ್ವದಿಂದ ಓದಿದನಂತೆ. ಒಮ್ಮೆ ಕೇಳಿದ್ದನ್ನು ಮರೆಯದ ಜಿನಸೇನರು, ಇದು ಪುರಾತನ ಕೃತಿಯೊಂದರಿಂದ ಕದ್ದದ್ದಾದುದರಿಂದಲೇ ಸೊಗಸಾಗಿದೆ ಎಂದರಂತೆ. ಆ ಕೃತಿಯನ್ನು ತರಿಸಲು ಎಂಟು ದಿನಗಳ ಅವಧಿಯನ್ನು ಪಡೆದು, ಅಷ್ಟರೊಳಗೆ ಪಾರ್ಶ್ವಾಭ್ಯುದಯವನ್ನು ರಚಿಸಿ ಸಭೆಯಲ್ಲಿ ಓದಿದರಂತೆ. ವ್ಯಾಖ್ಯಾನಕಾರರು ಇರುಗಪ ದಂಡನಾಥನ ‘ನಾನಾರ್ಥರತ್ನಮಾಲೆ’ಯನ್ನು ಉದಾಹರಿಸುವುದರಿಂದ ಅವರು ವಿಜಯನಗರದ ಕಾಲದವರು, ಆಚಾರ್ಯರಿಗಿಂತ ಐದು ಶತಮಾನಗಳಷ್ಟು ಈಚಿನವರು. ಐಹೊಳೆಯ ಮೇಗುಟಿ ಜಿನಾಲಯದ ಕ್ರಿ.ಶ. ೬೩೪ರ ಶಾಸನದಲ್ಲಿ ನಮ್ಮ ರವಿಕೀರ್ತಿಯೇ ಕಾಳಿದಾಸನನ್ನು ಹೆಸರಿಸಿರುವಾಗ, ಒಂಬತ್ತನೆಯ ಶತಮಾನದ ಅಮೋಘವರ್ಷನ ಸಭೆಯಲ್ಲಿ ಕಾಳಿದಾಸನನ್ನು ನಿಲ್ಲಿಸುವುದು ಅಸಂಗತ. ಕಾಲದೋಷಕ್ಕಿಂತ ದೊಡ್ಡದು ಮತ್ತೊಂದು ದೋಷವಿದೆ. ಜಯಧವಲಾ ಟೀಕೆಯನ್ನು ಶಕ ೭೫೯ರಲ್ಲಿ ಪೂರ್ಣಗೊಳಿಸಿದ ಮಹಾವ್ರತಿಗಳ ಬಾಯಲ್ಲಿ ಈ ಕಥೆಯು ಸಭೆಯ ಮುಂದೆ ಅಸತ್ಯವನ್ನು ನುಡಿಸುತ್ತದೆ. ಇದನ್ನು ಪೀಠಿಕೆಗಳಲ್ಲಿ ಮರಳಿ ಮರಳಿ ಅಚ್ಚುಹಾಕಿಸುವುದರಿಂದ ಆಚಾರ್ಯರ ಗೌರವವು ಹೆಚ್ಚುತ್ತದೆಯೆಂದು ಹೇಗೆ ಭಾವಿಸುತ್ತಾರೋ ತಿಳಿಯದು. ಸಹಾಧ್ಯಾಯಿಗಳಾದ ವಿನಯಸೇನರ ಪ್ರೇರಣೆಯಿಂದ ಕಾವ್ಯವು ರಚಿತವಾಯಿತೆಂದು ಅದರ ಕೊನೆಯಲ್ಲಿಯೇ ಹೇಳಿದೆ. ನಮಗೆ ಅಷ್ಟು ಸಾಕು.

ಇನ್ನು ‘ಪರರ ಸೊತ್ತು’ ಎಂಬ ಆಕ್ಷೇಪ. ಮೆಚ್ಚಿದ ಕವಿಯ ಮಾತಿನ ಅಚ್ಚಿನಲ್ಲಿ ತನ್ನ ಮಾತನ್ನು ಎರೆದು ಕಲಿಯುವುದು ಪೂರ್ವಿಕರಿಗೆ ನಾಚಿಕೆಯ ವಿಷಯವಾಗಿರಲಿಲ್ಲ. ಕಾಶ್ಮೀರದ ಕ್ಷೇಮೇಂದ್ರನು ‘ಕವಿಕಂಠಾಭರಣ’ದಲ್ಲಿ ಕವಿಗಳನ್ನು ಛಾಯೋಪಜೀವಿ, ಪದಕೋಪಜೀವಿ, ಪಾದೋಪಜೀವಿ, ಸಕಲೋಪಜೀವಿ ಎಂದು ಎಣಿಸುತ್ತಾನೆ, ರಘುವಂಶದ ಮೊದಲ ಶ್ಲೋಕದ ಪದಗಳನ್ನು ಬದಲಿಸಿ, ಛಂದಸ್ಸನ್ನೂ ಅರ್ಥವನ್ನೂ ಕೆಡದಂತೆ ಉಳಿಸುವ ಅಭ್ಯಾಸಕ್ಕೆ ಮಾದರಿಯನ್ನೂ ಕೊಡುತ್ತಾನೆ. ಆಚಾರ್ಯ ಹೇಮಚಂದ್ರರು ‘ಕಾವ್ಯಾನುಶಾಸನ’ದಲ್ಲಿ ಛಾಯೆ ಮೊದಲಾದವುಗಳ ಉಪಜೀವನವನ್ನು ‘ಶಿಕ್ಷೆ’ಯೆಂದೇ ಕರೆದಿದ್ದಾರೆ. ಶಿಕ್ಷೆಯೆಂಬ ಶಬ್ದವನ್ನು ಇಲ್ಲಿ ಗಮನಿಸಬೇಕು. ಅದು ಕಲಿಯುವವನ ಹಲಗೆಯ ಮೇಲಿನ ಬರಹ. ಸಭೆಯಲ್ಲಿ ಓದುವ ಕಾವ್ಯವಲ್ಲ.

ಕೊಪಣ–ಪುಲಿಗೆರೆಗಳ ನಡುವಣ ಅಳವಂಡಿಯಿಂದ ತರುಣನೊಬ್ಬನು ಈಚೆಗೆ ಬಂದು, ಪಂಪನ ಶೈಲಿಯಲ್ಲಿ ತಾನು ರಚಿಸಿದ ಕಂದಗಳನ್ನು ಓದಿ, “ಇದು ಕದ್ದಂಗ ಆಗತೈತೇನ್ರೀ ಪಂಡಿತರ?” ಎಂದು ಕೇಳಿದನು. ಪಂಪನ ಪದಗಳು ಅಲ್ಲಿ ಹೇರಳವಾಗಿದ್ದವು, ಪಂಪನ ಗತಿಯಿರಲಿಲ್ಲ. ಅದೇ ಭಾವವನ್ನು ಪಂಪನ ಒಂದು ಪದವನ್ನೂ ಬಳಸದೆ ಬರೆದು ತರುವಂತೆ ಹೇಳಿ ಕಳುಹಿಸಿದೆನು. ತಿಂಗಳ ಮೇಲೆ ತಂದ ನಾಲ್ಕು ಪದ್ಯಗಳಲ್ಲಿ ಎರಡು ಕುಂಟುತ್ತಿದ್ದವು; ಆದರೆ ಅವು ಅವನವೇ ಆಗಿದ್ದವು.

ಪಾರ್ಶ್ವಾಭ್ಯುದಯವು ಈ ಶಿಕ್ಷೆಯ ಮಟ್ಟವನ್ನು ದಾಟಿದ್ದು ಹೇಗೆ? ಪಾದಗಳನ್ನು ತುಂಬುವ ಚಾತುರ್ಯದಿಂದಲ್ಲ. ಚಾತುರ್ಯವನ್ನಷ್ಟೇ ನೋಡಿದರೆ, ಅನ್ವಯವು ಎಷ್ಟೋ ಕಡೆ ಬಲು ಕ್ಲಿಷ್ಟವಾಗಿದೆ. ವ್ಯಾಖ್ಯಾನವನ್ನು ಬದಿಯಲ್ಲಿಟ್ಟುಕೊಳ್ಳದೆ ಮುಂದುವರಿಯುವುದು ಕಷ್ಟ. ಇದನ್ನು ಮರೆಮಾಚಬೇಕಾದ ಕಾರಣವಿಲ್ಲ. ಹಿರಿಮೆಯಿರುವುದು ಕಾಳಿದಾಸನ ಮಾತನ್ನು ಯಾರ ಬಾಯಲ್ಲಿ ಇಟ್ಟರೆಂಬುದರಲ್ಲಿ. ಒಡೆಯನ ಶಾಪದಿಂದ ದೇಶಭ್ರಷ್ಟನಾದ ಯಕ್ಷನಿಗೆ ಪ್ರತಿಯಾಗಿ ಇಲ್ಲಿ ಶಂಬರನಿದ್ದಾನೆ. ಪೂರ್ವಭವದ ಕಮಠನಾಗಿ ತಮ್ಮನಾದ ಮರುಭೂತಿಯ ಹೆಂಡತಿ ವಸುಂಧರೆಯಲ್ಲಿ ತಪ್ಪಿ ನಡೆದು, ಅರವಿಂದರಾಜನಿಂದ ನಾಡಿನ ಹೊರಗೆ ಹಾಕಲ್ಪಟ್ಟವನು ಅವನು. ಆ ಮರುಭೂತಿಯ ಜೀವವೇ ಪಾರ್ಶ್ವನಾಥ. ಧ್ಯಾನಸ್ಥನಾದ ಸ್ವಾಮಿಯನ್ನು ಕೆಣಕಿ, ಯುದ್ಧಕ್ಕೆ ಕರೆದು, ನೀನು ಸತ್ತು ಮೇಘವಾಗಿ ಅಲಕೆಗೆ ಹೋಗೆಂದು ಆಸೆ ತೋರಿಸುವ ನುಡಿಗಳಲ್ಲಿ ಮೇಘದೂತದ ಶೃಂಗಾರವೆಲ್ಲ ಸೇರಿಕೊಂಡಿದೆ. ಕಾಳಿದಾಸನಲ್ಲಿ ವಿರಹಿಯ ಪ್ರಲಾಪವಾಗಿದ್ದುದು ಇಲ್ಲಿ ಉಪಸರ್ಗವಾಗಿದೆ. ಪಾದವು ಒಂದಕ್ಷರವೂ ಬದಲಾಗಿಲ್ಲ. ಅದು ಎದುರಿಸುವ ಮೌನವು ಬದಲಾಗಿದೆ. ಶೃಂಗಾರದ ಮಾತು ಮೋಹಕವಾಗಿದ್ದಷ್ಟೂ ಅದಕ್ಕೆ ಕದಲದ ಸ್ವಾಮಿಯ ಸ್ಥೈರ್ಯವು ಎದ್ದು ಕಾಣುತ್ತದೆ. ಆದುದರಿಂದ ಆಚಾರ್ಯರಿಗೆ ಕಾಳಿದಾಸನ ಸೊಗಸು ಕುಂದದಂತೆ ಉಳಿಯಬೇಕಾಗಿತ್ತು. ವೈರಿಯ ಕವಿತೆಯನ್ನು ಹಳಿಯಲು ಹೊರಟವನು ಇಷ್ಟು ಎಚ್ಚರದಿಂದ ಅದನ್ನು ಕಾಪಾಡುತ್ತಿರಲಿಲ್ಲ.

ಕನ್ನಡದಲ್ಲಿ ತನ್ನನ್ನು ‘ಅಭಿನವ ಪಂಪ’ನೆಂದು ಕರೆದುಕೊಂಡ ನಾಗಚಂದ್ರನನ್ನು ಈ ಅಳತೆಯಿಂದ ನೋಡಬೇಕು. ಅವನ ಪದಪುಂಜಗಳಲ್ಲಿ ಪಂಪನ ಛಾಯೆಗಳನ್ನು ಎಣಿಸಿ ತೋರಿಸುವುದು ಸುಲಭ. ಆದರೆ ‘ರಾಮಚಂದ್ರಚರಿತಪುರಾಣ’ದ ರಾವಣನ ಪಶ್ಚಾತ್ತಾಪವನ್ನು ನಡೆಸಿರುವ ರೀತಿ ಪಂಪನಿಂದ ಎರವಲು ತಂದದ್ದಲ್ಲ.

ಗ್ರಂಥಸಂಪಾದಕರಿಗೆ ಈ ವಿಷಯದಲ್ಲಿ ಬೇರೊಂದು ಪ್ರಯೋಜನವಿದೆ. ಸಮಸ್ಯೆಗೆ ಕಟ್ಟುಬಿದ್ದ ಕವಿಯು ಮೂಲದ ಪಾದವನ್ನು ತಿದ್ದುವಂತಿಲ್ಲ. ಆದ್ದರಿಂದ ಅವನು ಮೂಲಕ್ಕೆ ಸಾಕ್ಷಿಯಾಗುತ್ತಾನೆ. ಮೇಘದೂತದ ವ್ಯಾಖ್ಯಾನಕಾರರಲ್ಲಿ ಪ್ರಾಚೀನನಾದ ಕಾಶ್ಮೀರದ ವಲ್ಲಭದೇವನು ಹತ್ತನೆಯ ಶತಮಾನದವನು. ಜಿನಸೇನರು ಅವನಿಗಿಂತ ಸುಮಾರು ನೂರು ವರ್ಷ ಹಿಂದಿನವರು. ಇದನ್ನರಿತೇ ಕೆ. ಬಿ. ಪಾಠಕರು ಪಾರ್ಶ್ವಾಭ್ಯುದಯದಿಂದ ಮೇಘದೂತವನ್ನು ಬಿಡಿಸಿ ೧೮೯೪ರಲ್ಲಿ ಪುಣೆಯಿಂದ ಪ್ರಕಟಿಸಿದರು. ಆದರೂ ವಲ್ಲಭದೇವನಲ್ಲಿ ೧೧೧ ಪದ್ಯಗಳಿದ್ದರೆ ಆಚಾರ್ಯರ ಪಾಠದಲ್ಲಿ ಸುಮಾರು ೧೨೦ ದೊರೆಯುತ್ತವೆ. ಸಾಕ್ಷಿಯು ಹಳೆಯದೆಂದ ಮಾತ್ರಕ್ಕೆ ಹೆಚ್ಚಿನ ಪದ್ಯಗಳೆಲ್ಲ ಕಾಳಿದಾಸನವೆಂದು ಸಿದ್ಧವಾಗುವುದಿಲ್ಲ. ಒಂಬತ್ತನೆಯ ಶತಮಾನದ ಹೊತ್ತಿಗೆ ದಕ್ಷಿಣದ ಪ್ರತಿಗಳಲ್ಲಿ ಅವು ಸೇರಿದ್ದವೆಂಬುದಷ್ಟೇ ಸಿದ್ಧ.

ಮತ್ತೊಂದು ಎಚ್ಚರಿಕೆ ಓಲೆಪ್ರತಿಗಳಿಗೆ ಸಂಬಂಧಿಸಿದುದು. ಲಿಪಿಕಾರನಿಗೆ ಮೇಘದೂತವು ಕಂಠಸ್ಥವಾಗಿದ್ದರೆ, ಕಾಳಿದಾಸನ ಪಾದವು ಬಂದೊಡನೆ ಅವನ ಕಣ್ಣು ಓಲೆಯನ್ನು ಬಿಟ್ಟು, ಕೈ ತಾನು ಬಾಯಿಪಾಠ ಮಾಡಿದ್ದನ್ನೇ ಬರೆಯುತ್ತದೆ. ಹೀಗೆ ಜಿನಸೇನರ ಕಾಲದ ಪಾಠವು ಹೋಗಿ ಲಿಪಿಕಾರನ ಕಾಲದ ಪಾಠವು ಒಳಸೇರುತ್ತದೆ. ಆದುದರಿಂದ ಪಾಠನಿರ್ಣಯದಲ್ಲಿ ಕಾಳಿದಾಸನ ಪಾದವನ್ನು ಒಂಟಿಯಾಗಿ ನೋಡದೆ, ಅದಕ್ಕೆ ಹೆಣೆದುಕೊಂಡಿರುವ ಆಚಾರ್ಯರ ಸ್ವಂತ ಪಾದಗಳ ವಿಭಕ್ತಿ, ಲಿಂಗ, ಸಂಧಿಗಳನ್ನು ಪರೀಕ್ಷಿಸಬೇಕು. ಅವು ಯಾವ ಪಾಠದೊಡನೆ ಮಾತ್ರ ಅನ್ವಯಿಸುತ್ತವೆಯೋ ಆ ಪಾಠವನ್ನು ಜಿನಸೇನರು ಕಂಡಿದ್ದರೆಂದು ನಿಶ್ಚಯಿಸಬಹುದು. ಎರಡು ಪಾಠಗಳೂ ಅನ್ವಯಿಸುವೆಡೆಯಲ್ಲಿ ಎರಡನ್ನೂ ಅಡಿಯಲ್ಲಿ ಕೊಟ್ಟು ಮುಂದುವರಿಯುವುದೇ ಸಂಪಾದಕನಿಗೆ ಉಚಿತ.